ಹಾಲೇಶಪ್ಪನ ಕರ್ಚೀಪು, ಶಾಮನೂರಿನ ಬಾಟ್ಲಿ

ಹೆಸರಿನಲ್ಲಿ ಹಾಲು, ಕೈಯಲ್ಲಿ ರಕ್ತ, ಮುಖದಲ್ಲಿ ಹುಳಿ ಮಜ್ಜಿಗೆ. ಇಷ್ಟು ಗುರುತು ಹೇಳಿದರೆ ಸಾಕು, ಆ ಕಾಲದಲ್ಲಿ ದಾವಣಗೆರೆಯ ಆಸ್ಪತ್ರೆ ಬೀದಿಗಳಲ್ಲಿ ಅಲೆದವರು ನಿಮ್ಮನ್ನು ಸೀದಾ ಹಾಲೇಶಪ್ಪನ ಬಾಗಿಲಿಗೆ ಮುಟ್ಟಿಸಿ ಹೋಗುತ್ತಿದ್ದರು. ಬಾತಿಯ ಒಕ್ಕಲು ಮನೆತನದವನು. ಡಾಕ್ಟರ್ ಪಂಚಾಕ್ಷರಪ್ಪನವರ ಅರವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ರಕ್ತನಿಧಿಯ ಟೆಕ್ನೀಷಿಯನ್ ಆಗಿ ಇಪ್ಪತ್ತೆರಡು ವರ್ಷ ಸವೆಸಿದ್ದ. ದಿನಾ ಬೆಳಗ್ಗೆ ಬಾತಿಯಿಂದ ಮೊಪೆಡ್ಡಿನಲ್ಲಿ ಬರುವಾಗ ಅವನ ಜೇಬಿನಲ್ಲಿ ನಾಲ್ಕು ಬಿಳಿ ಕರ್ಚೀಪು ಇರುತ್ತಿದ್ದವು. ನಾಲ್ಕಕ್ಕೂ ನೀಲಗಿರಿ ಎಣ್ಣೆಯ ಎರಡೆರಡು ತೊಟ್ಟು.

ಹಾಲೇಶಪ್ಪನಿಗೆ ಹೇಸಿಗೆ ಎನ್ನುವುದು ಆಗಾಗ ಬಂದು ಹೋಗುವ ನೆಂಟನಲ್ಲ, ಮನೆಯಳಿಯ. ಒಳಗೇ ಇತ್ತು, ಉಂಡು ತಿಂದು ಮೈಬೆಳೆಸಿತ್ತು. ಊರಿಗೆ ಊರೇ ಬಾಯಿ ಚಪ್ಪರಿಸುವ ಬೆಣ್ಣೆ ದೋಸೆಯ ಮೇಲೆ ಬೆಣ್ಣೆ ಕರಗಿ ಹಳದಿಯಾಗಿ ಹರಿದರೆ ಅವನಿಗೆ ಪ್ಲಾಸ್ಮಾ ನೆನಪಾಗುತ್ತಿತ್ತು. ಮಿರ್ಚಿಯನ್ನು ಸುತ್ತಿಕೊಟ್ಟ ಪೇಪರಿನ ಎಣ್ಣೆ ಕಲೆ ಕಂಡರೆ ಗಾಯದ ಪಟ್ಟಿ ನೆನಪಾಗುತ್ತಿತ್ತು. ಬಸ್ಸಿನ ಕಿಟಕಿ, ಹೋಟೆಲಿನ ಲೋಟ, ಮದುವೆ ಮನೆಯ ಪಂಕ್ತಿ, ಆಸ್ಪತ್ರೆ ಮೆಟ್ಟಿಲ ಮೂಲೆಯ ಎಲೆಅಡಿಕೆ ಉಗುಳು, ಒಂದನ್ನೂ ಅವನು ಕ್ಷಮಿಸಿರಲಿಲ್ಲ.

ಅವನ ಹೆಂಡತಿ ಕಮಲಕ್ಕ ಕರ್ಚೀಪು ಒಗೆದು ಒಣಹಾಕುತ್ತಾ ಹೇಳುತ್ತಿದ್ದಳು: "ಹೆಣ ಕೊಯ್ಯೋರೂ ಇಷ್ಟು ಮೂಗು ಮುಚ್ಚಲ್ಲ. ದಿನಾ ರಕ್ತದಾಗ ಕೈ ಅದ್ದೋ ಮನ್ಷಾಗೆ ಈ ನಮೂನಿ ಹೇಸಿಗೆ ಯಾಕೋ ಕಾಣೆ."

"ರಕ್ತಕ್ಕೆ ಹೇಸಿಗೆ ಇಲ್ಲ ಕಣೆ. ಅದರ ಸುತ್ತ ಮನುಷ್ಯರು ಇರ್ತಾರಲ್ಲ, ಅದಕ್ಕೆ."

"ಹಂಗಾರೆ ನಂಗೂ ಒಂದು ಕರ್ಚೀಪು ಕೊಡ್ರಿ. ನಾನೂ ಮನುಷ್ಯರ ಜೊತೀಗೇ ಬಾಳ್ವೆ ಮಾಡ್ತಿರೋದು."

ಹಾಲೇಶಪ್ಪ ಹೇಳಿದ್ದು ಸುಳ್ಳಲ್ಲ. ತಣ್ಣಗೆ ಚೀಲದೊಳಗೆ ಕೂತ ರಕ್ತ ಅವನ ಪಾಲಿಗೆ ಜಗತ್ತಿನಲ್ಲೇ ಚೊಕ್ಕಟವಾದ ವಸ್ತು. ಅದಕ್ಕೆ ಬಾಯಿ ಇಲ್ಲ, ವಾಸನೆ ಇಲ್ಲ, ನೆಂಟರಿಲ್ಲ. ರಕ್ತ ಮಾರುವವರನ್ನು ಕೋರ್ಟು ನಿಲ್ಲಿಸಿ ವರ್ಷವಾಗಿತ್ತು. ಈಗ ರೋಗಿಯ ಕಡೆಯವರೇ ಕೊಡಬೇಕು. ಕೊಡಬೇಕಾದ ಹೊತ್ತಿಗೆ ವರಾಂಡದ ಗುಂಪು ಕರಗಿ ಹೋಗುತ್ತಿತ್ತು. ಒಬ್ಬನಿಗೆ ಅಂಗಡಿ ಬಾಗಿಲು ತೆಗೆಯಬೇಕು, ಇನ್ನೊಬ್ಬನಿಗೆ ಉಪವಾಸ. ರಕ್ತಸಂಬಂಧಿಗಳು ಸಂಬಂಧವನ್ನು ವರಾಂಡದಲ್ಲಿ ಬಿಟ್ಟು ರಕ್ತವನ್ನು ಮೈಯಲ್ಲಿಟ್ಟುಕೊಂಡು ಮನೆಗೆ ಹೋಗುವುದನ್ನು ಹಾಲೇಶಪ್ಪ ದಿನಾ ನೋಡುತ್ತಿದ್ದ. ಉಳಿದು ಕೂತವರು ಕೇಳುವ ಪ್ರಶ್ನೆಯಂತೂ ಇನ್ನೂ ಅಸಹ್ಯ. "ಇದು ಯಾರ ರಕ್ತ ರೀ? ಯಾವ ಪೈಕಿ?" ಸಾಯುವ ಮನುಷ್ಯ ಒಳಗೆ, ಪೈಕಿಯ ವಿಚಾರಣೆ ಹೊರಗೆ. ಅವನು "ಓ ಪೈಕಿ, ಎ ಪೈಕಿ, ಬಿ ಪೈಕಿ, ಅಷ್ಟೇ ನಮ್ಮಲ್ಲಿ ಇರಾದು" ಎಂದು ಹೇಳಿ ಕರ್ಚೀಪು ಏರಿಸುತ್ತಿದ್ದ.

ಅವನ ಕೆಲಸದಲ್ಲಿ ಅವನಿಗೆ ಹೇಸಿಗೆ ತರುವ ಭಾಗ ಒಂದೇ ಇತ್ತು. ರಕ್ತ ಕೊಡುವ ಮೊದಲು ವಾರ್ಡಿಗೆ ಹೋಗಿ ರೋಗಿಯ ಹತ್ತಿರವೇ ಕೇಳಬೇಕು: ಹೆಸರೇನು, ಹೆರಿಗೆ ಎಷ್ಟು, ಹಿಂದೆ ಯಾವತ್ತಾದರೂ ರಕ್ತ ಹಾಕಿಸಿಕೊಂಡದ್ದು ಉಂಟೋ. ಹೆಂಗಸರ ವಾರ್ಡಿನಲ್ಲಿ ಡೆಟಾಲು, ಬೆವರು, ಹಳಸಿದ ಗಂಜಿ, ಹೂವು, ಎಲ್ಲ ಕಲಸಿ ಒಂದು ವಾಸನೆ ಏಳುತ್ತಿತ್ತು. ಹಾಲೇಶಪ್ಪ ಬಾಗಿಲ ಹೊಸ್ತಿಲು ದಾಟುತ್ತಿರಲಿಲ್ಲ. ಕರ್ಚೀಪಿನ ಒಳಗಿಂದಲೇ ಕೂಗಿ ಕೇಳುತ್ತಿದ್ದ. ಯಾರು ಉತ್ತರ ಕೊಟ್ಟರೂ ಅದನ್ನು ಬರೆದುಕೊಳ್ಳುತ್ತಿದ್ದ.

ತೊಂಬತ್ತೊಂಬತ್ತರ ಫೆಬ್ರವರಿಯಲ್ಲೂ ಹಾಗೇ ಕೂಗಿದ.

ಹರಿಹರದಿಂದ ಬಂದವರು. ಕಬ್ಬಿಣ, ಸಿಮೆಂಟಿನ ಅಂಗಡಿಯ ಮುರುಗೇಶಪ್ಪ, ಅವರ ಹೆಂಡತಿ ಶಾಂತಕುಮಾರಿ. ಆಕೆಗೆ ಮೂವತ್ತೊಂಬತ್ತು. ತಿಂಗಳ ಸ್ರಾವ ನಿಲ್ಲದೆ ಮೈಯ ರಕ್ತವೆಲ್ಲ ಬಸಿದು ಹೋಗಿ, ಗರ್ಭಕೋಶ ತೆಗೆಯುವುದೆಂದು ತೀರ್ಮಾನವಾಗಿತ್ತು. ಎರಡು ಬಾಟ್ಲಿ ರಕ್ತ ಬೇಕು. ಗಾಜಿನ ಬಾಟ್ಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ವರ್ಷವಾಗಿದ್ದರೂ ಜನ ಅದನ್ನು ಬಾಟ್ಲಿ ಎಂದೇ ಕರೆಯುತ್ತಿದ್ದರು.

"ಶಾಂತಕುಮಾರಿ ಅಂದ್ರೆ ಯಾರು? ಹಿಂದೆ ಯಾವಾಗಾದ್ರೂ ರಕ್ತ ಹಾಕ್ಸಿಕೊಂಡಿದ್ರಾ?" ಎಂದು ಹಾಲೇಶಪ್ಪ ಬಾಗಿಲಿಂದ ಕೇಳಿದ.

ಉತ್ತರ ಹಾಸಿಗೆಯಿಂದ ಬರಲಿಲ್ಲ, ಹಾಸಿಗೆ ಪಕ್ಕದ ಸ್ಟೂಲಿನಿಂದ ಬಂತು. ಅಲ್ಲಿ ಕೂತಿದ್ದವರು ಅತ್ತೆ ಸಿದ್ಲಿಂಗಮ್ಮ, ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಸೆರಗು. ಲಿಂಗವಂತರಿಗೆ ಮೈಲಿಗೆ ಇಲ್ಲ ಎಂದು ಶರಣರು ಸಾರಿ ಎಂಟುನೂರು ವರ್ಷವಾಗಿತ್ತು. ಆ ಸುದ್ದಿ ಸಿದ್ಲಿಂಗಮ್ಮನವರ ತನಕ ಇನ್ನೂ ಬಂದಿರಲಿಲ್ಲ. ಅವರು ಆಸ್ಪತ್ರೆಯ ನೀರನ್ನೂ ಮುಟ್ಟದೆ ಹರಿಹರದಿಂದ ತಾಮ್ರದ ಚೊಂಬಿನಲ್ಲಿ ನೀರು ತಂದಿದ್ದರು.

"ನಮ್ಮ ಮನ್ಯಾಗ ಯಾರೂ ಪರರ ರಕ್ತ ಹಾಕ್ಸಿಕೊಂಡೋರಲ್ಲಪ್ಪ. ಬರಕೋ, ಇಲ್ಲ ಅಂತ. ಈಗ್ಲೂ ಪರರ್ದು ಬ್ಯಾಡ. ನನ್ನ ಸಣ್ಣ ಮಗ ಬಕ್ಕೇಶ ಅದಾನೆ, ಅವಂದು ತಗೋ. ಇವಳ ಗಂಡಂದು ತಗೋ. ಮನಿ ರಕ್ತ ಮನ್ಯಾಗೇ ಇರ್ಲಿ."

ಮುರುಗೇಶಪ್ಪ ಕಿಟಕಿ ನೋಡುತ್ತಾ ನಿಂತಿದ್ದರು. ಶಾಂತಕುಮಾರಿ ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹಾಲೇಶಪ್ಪ 'ಇಲ್ಲ' ಎಂದು ಬರೆದ.

ಅಣ್ಣತಮ್ಮ ಇಬ್ಬರದೂ ಗುಂಪು ಕೂಡಿತು. ಹಾಲೇಶಪ್ಪ ಕ್ರಾಸ್ ಮ್ಯಾಚ್ ಮಾಡಿದ. ಅಂದರೆ ಕೊಡುವವರ ರಕ್ತದ ಕಣವನ್ನು ತೆಗೆದುಕೊಳ್ಳುವವರ ಸೀರಮ್ಮಿನಲ್ಲಿ, ಎಂದರೆ ರಕ್ತದ ತಿಳಿಯಲ್ಲಿ ಬೆರೆಸಿ, ಜಗಳವಾಡುತ್ತವೋ ಹೊಂದಿಕೊಳ್ಳುತ್ತವೋ ಎಂದು ನೋಡುವುದು. ಮದುವೆಗೆ ಮೊದಲು ಜಾತಕ ನೋಡಿದ ಹಾಗೆ. ಹಲವು ಕಡೆ ಹತ್ತು ನಿಮಿಷದಲ್ಲಿ ಅರ್ಧ ಪರೀಕ್ಷೆ ಮಾಡಿ 'ಸರಿ ಇದೆ' ಎಂದು ಬರೆದು ಕಳಿಸುವ ಚಾಳಿ ಇತ್ತು. ಹಾಲೇಶಪ್ಪ ಅಂಥವನಲ್ಲ. ಅರ್ಧಂಬರ್ಧ ಕೆಲಸವೂ ಅವನಿಗೆ ಹೇಸಿಗೆಯೇ. ಅಡಗಿದ ಜಗಳವನ್ನೂ ಗಂಟಾಗಿಸಿ ತೋರಿಸಲು ಕೊನೆಗೆ ಹಾಕುವ ಕೂಂಬ್ಸ್ ಸೀರಮ್ಮಿನ ತನಕ ಪೂರ್ತಿ ಮಾಡಿ, ಗಂಟು ಗಿಂಟು ಏನೂ ಕಾಣದ ಮೇಲೆ ಎರಡೂ ಚೀಲ ಕೊಟ್ಟ. ಆಪರೇಷನ್ ಚೆನ್ನಾಗಿ ಆಯಿತು. ಆರನೇ ದಿನ ಶಾಂತಕುಮಾರಿ ಹರಿಹರಕ್ಕೆ ಹೋದಳು.

ಎಂಟನೇ ದಿನ ಚಳಿ ಜ್ವರ. ಒಂಬತ್ತನೇ ದಿನ ಕಣ್ಣು ಹಳದಿ. ಮೂತ್ರ ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಸಿದ್ಲಿಂಗಮ್ಮ ಕಾಮಾಲೆ ಎಂದು ತೀರ್ಪು ಕೊಟ್ಟರು. ಹೊಳೆ ದಂಡೆಯಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವವನೊಬ್ಬನಿದ್ದ. ಬಂದವರಿಗೆಲ್ಲ ಒಂದೇ ಲೋಟ, ಒಂದೇ ಬಟ್ಟೆಯಲ್ಲಿ ಒರೆಸುವುದು. ಆಸ್ಪತ್ರೆಯ ನೀರು ಮೈಲಿಗೆಯಾದವರಿಗೆ ಈ ಲೋಟ ಆಗಿಬಂತು. ಮೂರು ದಿನ ಶಾಂತಕುಮಾರಿ ಹಸಿರು ರಸ ಕುಡಿದು ಹಳದಿ ಕಾರಿದಳು. ನಾಲ್ಕನೇ ದಿನ ಎದ್ದು ನಿಲ್ಲಲಾಗಲಿಲ್ಲ. ಮುರುಗೇಶಪ್ಪ ಕಾರು ಮಾಡಿಕೊಂಡು ಮತ್ತೆ ದಾವಣಗೆರೆಗೆ ತಂದರು.

ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಡಾಕ್ಟರ್ ಪಂಚಾಕ್ಷರಪ್ಪ ಹೊಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಒಳಗೆ ರಕ್ತ ಸೋರಿದ ಗುರುತಿಲ್ಲ. "ಲಿವರ್ ಇರ್ಬೇಕು, ಆಮೇಲೆ ನೋಡೋಣ. ಮೊದ್ಲು ಎರಡು ಬಾಟ್ಲಿ ಏರ್ಸಿ" ಎಂದು ಚೀಟಿ ಬರೆದರು. ವರಾಂಡದಲ್ಲಿ ಮೈದುನ ಬಕ್ಕೇಶ ಆಗಲೇ ತೋಳು ಮಡಚಿ ಸಿದ್ಧವಾಗಿದ್ದ. ಕೊಟ್ಟು ಎರಡು ವಾರವೂ ಆಗಿರದ ಅವನನ್ನು ಮತ್ತೆ ಚುಚ್ಚುವ ಹಾಗಿರಲಿಲ್ಲ. ಆದರೂ ಆ ಹಳದಿಯ ಮೇಲೆ ಅನುಮಾನ ಬಂದು, ಪರೀಕ್ಷೆಗೆಂದು ಹಾಲೇಶಪ್ಪ ಒಂದಿಷ್ಟು ತೆಗೆದುಕೊಂಡ.

ಶಾಂತಕುಮಾರಿಯ ಹೊಸ ರಕ್ತದ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದ. ಮೇಲೆ ನಿಂತ ಸೀರಮ್ ಹರಳೆಣ್ಣೆಯ ಹಾಗಿರಬೇಕು. ಸಾಸಿವೆ ಎಣ್ಣೆಯ ಹಾಗಿತ್ತು. ಬಕ್ಕೇಶನ ಕಣ ಬೆರೆಸಿದ. ಈ ಸಲ ಕೂಂಬ್ಸ್ ಸೀರಮ್ ಹಾಕುತ್ತಲೇ ನಳಿಕೆಯ ತಳದಲ್ಲಿ ಕೆಂಪು ಕಣಗಳು ಒಂದನ್ನೊಂದು ಅಪ್ಪಿ ಗಂಟು ಬಿದ್ದವು. ಅಲುಗಿಸಿದರೂ ಬಿಡಲಿಲ್ಲ. ಹನ್ನೆರಡು ದಿನದ ಹಿಂದೆ ಹೊಂದಿಕೊಂಡ ಜೋಡಿ.

ಹಾಲೇಶಪ್ಪನಿಗೆ ಒಂದು ಅಭ್ಯಾಸವಿತ್ತು. ರಕ್ತ ಕೊಟ್ಟ ಮೇಲೆ ರೋಗಿಯ ಹಳೆಯ ನಳಿಕೆಯನ್ನು ಏಳು ದಿನ ಇಡಬೇಕೆಂದು ನಿಯಮ. ಅವನು ಹದಿನಾಲ್ಕು ದಿನ ಇಡುತ್ತಿದ್ದ, ಡಾಕ್ಟರುಗಳ ಮಾತಿನ ಮೇಲಿನ ಅಪನಂಬಿಕೆಯಿಂದ. ಫ್ರಿಜ್ಜಿನಿಂದ ಶಾಂತಕುಮಾರಿಯದನ್ನು ತೆಗೆದು ಬಕ್ಕೇಶನ ಕಣದ ಜೊತೆ ಪರೀಕ್ಷೆ ಮತ್ತೆ ಮಾಡಿದ. ಚೊಕ್ಕಟವಾಗಿತ್ತು. ಗಂಟಿಲ್ಲ. ಪರೀಕ್ಷೆ ತಪ್ಪಿರಲಿಲ್ಲ.

ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವನು ಓದಿದ್ದ ಪುಸ್ತಕದಲ್ಲಿ ಇದಕ್ಕೆ ಹೆಚ್ಚುಪಾಲು ಒಂದೇ ಅರ್ಥ. ಯಾವತ್ತೋ ಒಮ್ಮೆ ಪರರ ರಕ್ತ ಮೈ ಹೊಕ್ಕಿದೆ. ಗುಂಪು ಕೂಡಿದರೂ ಆ ರಕ್ತದ ಕಣದ ಮೇಲಿನ ಯಾವುದೋ ಸಣ್ಣ ಗುರುತು ಈ ಮೈಗೆ ಸೇರಿಲ್ಲ. ಮೈ ಅದರ ವಿರುದ್ಧ ಕಾವಲುಗಾರರನ್ನು ನೇಮಿಸಿದೆ. ವರ್ಷಗಳು ಕಳೆದಂತೆ ಕಾವಲುಗಾರರು ಒಬ್ಬೊಬ್ಬರೇ ಮರೆಯಾಗಿ, ಪರೀಕ್ಷೆಯ ಕಣ್ಣಿಗೆ ಕಾಣದಷ್ಟು ಕಡಿಮೆಯಾಗಿದ್ದಾರೆ. ಅದೇ ಗುರುತಿನ ರಕ್ತ ಮತ್ತೆ ಒಳಗೆ ಬಂದಿದ್ದೇ ತಡ, ವಾರದೊಳಗೆ ದಂಡು ಕಟ್ಟಿ ಎದ್ದು ಬಂದ ರಕ್ತವನ್ನೆಲ್ಲ ಒಡೆದು ಹಾಕಿದ್ದಾರೆ. ಹಳದಿಯೂ ಕರಿ ಮೂತ್ರವೂ ಆ ಒಡೆದ ರಕ್ತದ್ದೇ. ಇನ್ನೂ ಎರಡು ಬಾಟ್ಲಿ ಅದೇ ಗುರುತಿನದು ಹೋದರೆ ಕಿಡ್ನಿ ಕೈಬಿಡುತ್ತದೆ, ಆಮೇಲೆ ಶಾಂತಕುಮಾರಿ ಉಳಿಯುವುದಿಲ್ಲ.

ಪರೀಕ್ಷೆಯ ಕಣ್ಣು ತಪ್ಪಿಸಿಕೊಳ್ಳುವ ಈ ಶತ್ರುವನ್ನು ಹಿಡಿಯಲು ಇದ್ದ ದಾರಿ ಒಂದೇ, ಬಾಯಿಬಿಟ್ಟು ಕೇಳುವುದು. ಕೇಳಿದ್ದು ಹೇಗೆಂದು ಅವನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು, ನೀಲಗಿರಿ ಎಣ್ಣೆಯೊಳಗಿಂದ, ಸ್ಟೂಲಿಗೆ.

ಡಾಕ್ಟರು ಅವನ ಮಾತನ್ನು ನಿಂತೇ ಕೇಳಿದರು.

"ಏನ್ ಹಾಲೇಶಪ್ಪ, ಅವತ್ತು ಮ್ಯಾಚ್ ಆಗಿದ್ದು ಇವತ್ತು ಯಾಕ್ ಆಗಲ್ಲ? ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗ್ತೈತೆ. ಫ್ರಿಜ್ಜಿನಾಗೆ ನಿಮ್ ಸೀರಮ್ ಕೆಟ್ಟಿರ್ಬೇಕು."

"ಸೀರಮ್ ಸರಿ ಐತ್ರಿ ಸಾರ್. ಈಯಮ್ಮಗೆ ಹಿಂದೆ ರಕ್ತ ಕೊಟ್ಟಾರೆ."

"ಕೊಟ್ಟಿಲ್ಲ ಅಂತ ನೀವೇ ಬರದೀರಿ. ನಿಮ್ ಅಕ್ಷರನೇ ಐತಲ್ಲ ಇಲ್ಲಿ."

ಅಕ್ಷರ ಅವನದೇ ಆಗಿತ್ತು, ಮುತ್ತಿನಂತಹದು.

"ಐದರಾಗೆ ಅದಾಳೆ," ಎಂದರು ಡಾಕ್ಟರು. "ನಾಲ್ಕು ಗಂಟೆಗೆ ನಂಗೆ ಎರಡು ಬಾಟ್ಲಿ ಬೇಕು. ಇದು ಆಗಲ್ಲ ಅನ್ನೋದಾದ್ರೆ ಯಾಕ್ ಆಗಲ್ಲ ಅಂತ ಬರ್ದು ಕೊಡ್ರಿ. ಇಲ್ಲಾಂದ್ರೆ ಬ್ಯಾಂಕಿನಾಗೆ ಇರೋ ಯಾವ್ದಾದ್ರೂ ಅದೇ ಗುಂಪಿಂದು ಕೊಡ್ತಿರ್ರಿ."

ಆಗ ಹನ್ನೊಂದೂವರೆ. ಹಾಲೇಶಪ್ಪ ವಾರ್ಡಿಗೆ ನಡೆದ. ಬಾಗಿಲಲ್ಲಿ ಕಾಲು ತಾನಾಗಿ ನಿಂತಿತು, ಕೈ ತಾನಾಗಿ ಜೇಬಿಗೆ ಹೋಯಿತು. ಒಳಗೆ ಸಿದ್ಲಿಂಗಮ್ಮ ಸ್ಟೂಲಿನ ಮೇಲೆ ಸ್ಥಾಪನೆಯಾಗಿದ್ದರು. ಅವರಿರುವ ತನಕ ಸತ್ಯ ಹೊರಬರುವುದಿಲ್ಲ, ಹೊರಗೆ ಹೋಗಿ ಎಂದರೆ ಅವರು ಹೋಗುವವರಲ್ಲ. ಅಷ್ಟರಲ್ಲಿ ಆಯಾ ದುರುಗಮ್ಮ ಶಾಂತಕುಮಾರಿಯ ಹಾಸಿಗೆ ಕೆಳಗಿಂದ ಬೆಡ್‌ಪ್ಯಾನ್ ಎತ್ತಿಕೊಂಡು ಹೊರಟಳು. ಮೇಲೆ ಬಟ್ಟೆ ಮುಚ್ಚಿತ್ತು.

ಇಪ್ಪತ್ತೆರಡು ವರ್ಷ ಹೇಸಿಗೆಯನ್ನೇ ಉಂಡುಟ್ಟವನಿಗೆ ಹೇಸಿಗೆಯ ಶಕ್ತಿ ಗೊತ್ತಿತ್ತು.

"ದುರುಗಮ್ಮ, ಇತ್ಲಾಗೆ ಕೊಡು."

ದುರುಗಮ್ಮ ಅವನ ಮುಖ ನೋಡಿದಳು. "ನೀವಾ? ಇವತ್ತು ಸೂರ್ಯ ಹರಿಹರದ ಕಡಿಂದ ಹುಟ್ಟಿರ್ಬೇಕು."

ಅವನು ಎರಡೂ ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದ. ಎರಡೂ ಕೈ ಅದಕ್ಕೇ ಬೇಕಾದ್ದರಿಂದ ಕರ್ಚೀಪು ಜೇಬಿನಲ್ಲೇ ಉಳಿಯಿತು. ಹೊಸ್ತಿಲು ದಾಟಿ ನೇರ ಸ್ಟೂಲಿನ ಹತ್ತಿರ ಹೋಗಿ ಬಟ್ಟೆ ಸರಿಸಿ ಸಿದ್ಲಿಂಗಮ್ಮನವರ ಮೂಗಿನ ಕೆಳಗೆ ಹಿಡಿದ. ಒಳಗಿದ್ದದ್ದು ಕಪ್ಪಗೆ, ನೊರೆ ನೊರೆ.

"ಅಮ್ಮಾರೆ, ಬಣ್ಣ ಬರಕೋಬೇಕು. ಒಂದೀಟು ಹಿಡಕಳ್ರಿ."

ಸಿದ್ಲಿಂಗಮ್ಮ ತಾಮ್ರದ ಚೊಂಬು ಎದೆಗವಚಿಕೊಂಡು ಎದ್ದ ವೇಗಕ್ಕೆ ಸ್ಟೂಲು ಬಿತ್ತು. "ಥೂ, ಥೂ, ಶಿವ ಶಿವಾ. ಮನ್ಷಾನೇನೋ ನೀನು. ಇನ್ನ ನಾನು ತಲಿ ಮ್ಯಾಲೆ ನೀರು ಹೊಯ್ಕಬೇಕು" ಎನ್ನುತ್ತಾ ಸೆರಗು ಮೂಗಿಗೊತ್ತಿ ವರಾಂಡ ದಾಟಿ, ಗೇಟು ದಾಟಿ ನಡೆದೇಬಿಟ್ಟರು. ಆ ಓಟದಲ್ಲಿ ಹಾಲೇಶಪ್ಪ ತನ್ನನ್ನೇ ಕಂಡ. ಅದೇ ಕೈ, ಅದೇ ಮೂಗು. ಸೆರಗಿನ ಬದಲು ಕರ್ಚೀಪು. ಅಷ್ಟು ಹೊತ್ತು ಬೆಡ್‌ಪ್ಯಾನಿಗೆ ಬರದ ವಾಕರಿಕೆ ಆಗ ಬಂತು.

ಬೆಡ್‌ಪ್ಯಾನ್ ದುರುಗಮ್ಮನ ಕೈಗಿತ್ತು, ಕೈ ತೊಳೆದು ಬಂದು, ಸ್ಟೂಲು ಎತ್ತಿಟ್ಟುಕೊಂಡು ಹಾಸಿಗೆಗೆ ತಾಗಿ ಕೂತ.

"ತಾಯಿ, ಹೊತ್ತಿಲ್ಲ. ಅವತ್ತು ಕೇಳ್ಬೇಕಾದ್ದನ್ನ ಅವತ್ತು ಕೇಳಲಿಲ್ಲ. ಈಗ ಕೇಳ್ತೀನಿ. ಯಾರ ರಕ್ತ ಅಂತ ನಂಗೆ ಬ್ಯಾಡ. ಹಾಕಿದ್ರೋ ಇಲ್ವೋ, ಅಷ್ಟೇ."

ಶಾಂತಕುಮಾರಿಯ ಹಳದಿ ಕಣ್ಣು ಬಾಗಿಲ ಕಡೆ ಹೋಯಿತು. "ಅತ್ತೆಮ್ಮ?"

"ಸ್ನಾನಕ್ಕೆ ಹೋದ್ರು. ತಲೆಗೂದ್ಲು ಒಣಗೋ ತನಕ ಬರಲ್ಲ."

ಆಕೆಗೆ ನಗು ಬಂತು, ಕೆಮ್ಮಾಯಿತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ಒಂದು ಬಾಟ್ಲಿ ಹಾಕಿದ್ರು ಅಣ್ಣಾರೆ. ಮೊದಲ್ನೇ ಹೆರಿಗ್ಯಾಗೆ. ಶಾಮನೂರು ನನ್ನ ತವರು. ಮಗಳು ಹುಟ್ಟಿದ್ ಮ್ಯಾಲೆ ರಕ್ತ ನಿಲ್ಲಲಿಲ್ಲ. ಅಪ್ಪಾಜಿ ಊರಾಗಿರ್ಲಿಲ್ಲ. ಪಕ್ಕದ ಮನಿ ಹಯಾತ್ ಸಾಬ್ರು, ಹತ್ತಿ ಮಿಲ್ಲಿನಾಗೆ ಕೆಲಸಕ್ಕಿದ್ರು, ಎತ್ತಿನ ಗಾಡ್ಯಾಗೆ ನನ್ನೂ ಕೂಸನ್ನೂ ಹಾಕ್ಕೊಂಡು ಆಸ್ಪತ್ರಿಗೆ ತಂದೋರೂ ಅವರೇ, ತೋಳು ಕೊಟ್ಟೋರೂ ಅವರೇ. ಅವರ ಮನ್ಯಾಕಿ ಮಾಬೂಬೀ ನನ್ನ ಕೂಸಿಗೆ ರಾತ್ರಿಯೆಲ್ಲ ಸಕ್ರಿ ನೀರು ಕುಡಿಸಿದ್ಲು. ಅವ್ವ ಆಣಿ ಹಾಕ್ಸಿಕೊಂಡ್ಲು, ಗಂಡನ ಮನ್ಯಾಗೆ ಉಸುರು ಬಿಡ್ಬ್ಯಾಡ ಅಂತ. ಸಾಬ್ರ ರಕ್ತ ಅಂತ ಗೊತ್ತಾದ್ರೆ ನಿನ್ನನ್ನೂ ಕೂಸನ್ನೂ ತಿರುಗಿ ಕಳಿಸ್ತಾರೆ ಅಂತ. ಇಪ್ಪತ್ತೊಂದು ವರ್ಷ ಆತು."

"ಅವತ್ತು ನಾ ಕೇಳಿದಾಗ?"

"ಅತ್ತೆಮ್ಮ ಮುಂದೆ ಇದ್ರಲ್ರಿ." ಸ್ವಲ್ಪ ತಡೆದು ಕೇಳಿದಳು: "ಹಯಾತ್ ಸಾಬ್ರ ರಕ್ತದಾಗ ಏನಾರ ಕೆಟ್ಟದ್ದಿತ್ತೇನ್ರಿ?"

"ಏನೂ ಇರ್ಲಿಲ್ಲ. ಅದ್ರಿಂದ್ಲೇ ನೀವು ಬದುಕಿದ್ದು. ಅದ್ರಾಗ ಒಂದು ಗುರುತು ಇತ್ತು, ನಿಮ್ಮ ಮೈಗೆ ಒಗ್ಗಲಿಲ್ಲ. ಅದೇ ಗುರುತು ನಿಮ್ಮ ಮೈದುನನ ರಕ್ತದಾಗೂ ಐತೆ. ಈಗ ಜಗಳ ಆಗಿರೋದು ಮೈದುನಂದ್ರ ಕೂಡೆ."

ಶಾಂತಕುಮಾರಿ ಕಣ್ಣು ಮುಚ್ಚಿಕೊಂಡಳು. "ಹಂಗಾರೆ ಹಯಾತ್ ಸಾಬ್ರೂ ನಮ್ಮ ಮೈದ್ನಾರೂ ಒಂದೇ ಪೈಕಿ ಅಂದಂಗಾತು."

"ಈ ಲೆಕ್ಕದಾಗೆ ಹೌದು."

"ಅತ್ತೆಮ್ಮಗೆ ಹೇಳ್ಬ್ಯಾಡ್ರಿ ಮತ್ತೆ."

ಹಾಲೇಶಪ್ಪ ಹಳೆಯ ಫಾರಂ ತರಿಸಿ ತನ್ನ 'ಇಲ್ಲ'ದ ಮೇಲೆ ಅಡ್ಡಗೆರೆ ಎಳೆದು 'ಹೌದು, ೧೯೭೮, ಒಂದು ಬಾಟ್ಲಿ' ಎಂದು ಬರೆದು ರುಜು ಹಾಕಿದ. ಅದನ್ನು ಓದುತ್ತಿದ್ದಂತೆ ಡಾಕ್ಟರ ಮುಖ ಅರಳಿತು. "ಹಂಗಾದ್ರೆ ಪೇಷಂಟ್ ಕಡೆಯವ್ರೇ ಮುಚ್ಚಿಟ್ಟಿದ್ದು. ನಮ್ದೇನೂ ತಪ್ಪಿಲ್ಲ ಅಂದಂಗಾತು, ಏನಂತೀರಿ?" ಬದುಕುತ್ತಾಳೋ ಇಲ್ಲವೋ ಎಂಬುದು ಎರಡನೇ ಪ್ರಶ್ನೆಯಾಗಿಯೂ ಬರಲಿಲ್ಲ. ಅಲ್ಲಿ ಹಾಲೇಶಪ್ಪನ ಮೂಗು ತಾನಾಗಿ ಕರ್ಚೀಪು ಕೇಳಿತು, ಕೊಟ್ಟ.

ಫ್ರಿಜ್ಜಿನಲ್ಲಿ ಆಕೆಯ ಗುಂಪಿನ ಚೀಲ ಹನ್ನೊಂದಿದ್ದವು. ಒಂದೊಂದನ್ನೂ ಆಕೆಯ ಸೀರಮ್ಮಿಗೆ ಹಾಕಿ ಪೂರ್ತಿ ಪರೀಕ್ಷೆಗೆ ಕೂತ. ನಡುವೆ ಕರೆಂಟು ಹೋಯಿತು, ಬಂತು. ಮೊದಲನೆಯದು ಗಂಟು. ಎರಡನೆಯದು ಗಂಟು. ಐದನೆಯದು ಕಣ್ಣಿಗೆ ಚೊಕ್ಕಟ ಕಂಡಿತು, ಸೂಕ್ಷ್ಮದರ್ಶಕದಲ್ಲಿ ಸಣ್ಣ ಸಣ್ಣ ಗೊಂಚಲು, ಅದನ್ನೂ ಬದಿಗಿಟ್ಟ. ಆರನೆಯದು ಸರಿಯಿತ್ತು. ಮತ್ತೆ ಹತ್ತನೆಯದು. ಮೂರೂ ಮುಕ್ಕಾಲಿಗೆ ಹನ್ನೊಂದರಲ್ಲಿ ಎರಡು ಉಳಿದವು. ಹರಿಯನ್ನೂ ಹರನನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ಊರಿನ ಸೊಸೆಗೆ ಎರಡು ಚೀಲ ಕೂಡಿಸುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತ್ತು.

ಚೀಲ ಹಿಡಿದು ವಾರ್ಡಿನ ಬಾಗಿಲಿಗೆ ಬಂದರೆ ಸಿದ್ಲಿಂಗಮ್ಮ ಒದ್ದೆ ಕೂದಲು ಗಂಟು ಹಾಕಿಕೊಂಡು ಮತ್ತೆ ಹಾಜರು.

"ಯಾರ್ದಪ್ಪ ಇದು?"

"ನಂಬರ್ ಐತ್ರಿ ಅಮ್ಮಾರೆ. ನಾನೂರ ಹನ್ನೆರಡು, ನಾನೂರ ಹತ್ತೊಂಬತ್ತು."

"ನಂಬರ್ ಕೇಳಿಲ್ಲ, ಯಾವ ಪೈಕಿ ಅಂತ ಕೇಳ್ದೆ. ಬಕ್ಕೇಶ ಇಲ್ಲೇ ಅದಾನಲ್ಲ. ಅವಂದು ಆಗ ಆಗಿತ್ತು, ಈಗ ಯಾಕ್ ಬ್ಯಾಡ? ನೋಡಪಾ, ಕಂಡೋರ್ದು ಏರ್ಸಿದ್ರೆ ಆಕಿ ನಮ್ಮ ದೇವರ ಕ್ವಾಣಿ ಹೊಸ್ತಿಲು ತುಳಿಯಂಗಿಲ್ಲ."

ಹಾಲೇಶಪ್ಪ ಜೇಬಿನಿಂದ ನಳಿಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. "ನೋಡ್ರಿ. ಇದು ನಿಮ್ಮ ಸೊಸಿ, ಇದು ನಿಮ್ಮ ಸಣ್ಣ ಮಗ. ಕೂಡಿಸಿದ್ರೆ ಹಿಂಗೆ ಗಂಟಾಗ್ತೈತೆ. ಆವತ್ತು ಏರ್ಸಿದ್ದೇ ಹಿಂಗಾಗಿ ಕರ್ರಗೆ ಹೊರಗೆ ಹೋಗ್ತಾ ಐತೆ. ನಾ ಹಿಡಕಳ್ರಿ ಅಂದೆನಲ್ಲ, ಅದು ನಿಮ್ಮ ಮನಿ ರಕ್ತನೇ."

ಸಿದ್ಲಿಂಗಮ್ಮ ನಳಿಕೆಯನ್ನೂ ಅವನನ್ನೂ ನೋಡಿದರು. ಬೆಡ್‌ಪ್ಯಾನಿಗೆ ಮೂಗು ಮುಚ್ಚಿ ಓಡಿದ್ದು ಅವರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ಬಾಗಿಲು ಬಿಟ್ಟು ಸರಿದರು. ಒಪ್ಪಿಗೆಯ ರುಜು ಗಂಡನದು ಬೇಕಿತ್ತು. ಮುರುಗೇಶಪ್ಪ ಫಾರಂ ತೆಗೆದುಕೊಂಡು, ತಾಯಿಗೆ ಬೆನ್ನು ಮಾಡಿ, ಗೋಡೆಗೆ ಒತ್ತಿ ರುಜು ಹಾಕಿದರು. ವಾಪಸ್ ಕೊಡುವಾಗ ಹಾಲೇಶಪ್ಪನ ಕಿವಿಯ ಹತ್ತಿರ ಬಂದರು.

"ಶಾಮನೂರಿಂದು... ಆಕಿ ಹೇಳಿದ್ಲಾ?"

ಹಾಲೇಶಪ್ಪ ರುಜು ಸರಿ ಇದೆಯೇ ಎಂದು ಫಾರಂ ನೋಡಿದ.

"ನಂಗೆ ಗೊತ್ತಿತ್ರಿ. ಮಗಳ ಹೆಸರಿಡಾಕೆ ಹೋದಾಗ ಹಯಾತ್ ಸಾಬ್ರೇ ಬಾಯ್ತಪ್ಪಿ ಅಂದಿದ್ರು. ನಂದೇನೂ ಬ್ಯಾಸ್ರ ಇರ್ಲಿಲ್ಲ."

"ಗೊತ್ತಿದ್ದೋರು ಅವತ್ತು ಕಿಟಕಿ ನೋಡ್ಕಂತ ಯಾಕ ನಿಂತಿದ್ರಿ ಯಜಮಾನ್ರೆ?"

"ಅವ್ವ ಮುಂದೆ ಇದ್ರಲ್ರಿ."

ಬೆಳಗ್ಗೆ ಶಾಂತಕುಮಾರಿ ಹೇಳಿದ ಅದೇ ಮಾತು, ಅದೇ ದನಿ. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು, ಒಬ್ಬರಿಗೊಬ್ಬರು ಇಪ್ಪತ್ತೊಂದು ವರ್ಷ ಹೇಳಿರಲಿಲ್ಲ. ಒಂದು ಪ್ರಾಣ ಹೋಗುವ ಹೊತ್ತಿನಲ್ಲೂ ಅವರ ನಡುವೆ ಒಂದು ತಾಮ್ರದ ಚೊಂಬು ಕೂತಿತ್ತು. ಹಾಲೇಶಪ್ಪನಿಗೆ ಅವರ ಮೇಲೆ ಉಗಿಯಬೇಕೆನಿಸಿತು. ಉಗಿಯುವುದು ಅವನಿಗೆ ಹೇಸಿಗೆಯಾದ್ದರಿಂದ ನುಂಗಿಕೊಂಡು ಒಳಗೆ ಹೋದ.

ನಾಲ್ಕು ಗಂಟೆಗೆ ನಾನೂರ ಹನ್ನೆರಡು ಹನಿ ಹನಿಯಾಗಿ ಇಳಿಯತೊಡಗಿತು. ಹಾಲೇಶಪ್ಪ ಸ್ಟೂಲಿನ ಮೇಲೆ ಕೂತು ಆಕೆಯ ಮೈ ಮುಟ್ಟಿ ನೋಡುತ್ತಿದ್ದ, ಚಳಿ ಬಂತೋ, ಬೆನ್ನು ನೋಯುತ್ತದೋ ಎಂದು. ಬರಲಿಲ್ಲ. ದುರುಗಮ್ಮ ಎರಡು ಸಲ ಬಂ‌ದು ನೋಡಿ ಹೋದಳು. "ಸ್ಟೂಲಿಗೆ ಮೊಳೆ ಹೊಡೆದೈತೇನ್ರಿ?" ಎಂದಳು. ಮೂರನೇ ದಿನಕ್ಕೆ ಮೂತ್ರ ಚಹಾದ ಬಣ್ಣಕ್ಕೆ, ಆರನೇ ದಿನಕ್ಕೆ ನಿಂಬೆ ಹಣ್ಣಿನ ಪಾನಕದ ಬಣ್ಣಕ್ಕೆ ಬಂತು. ಅದನ್ನು ಪಾನಕಕ್ಕೆ ಹೋಲಿಸಿದ್ದಕ್ಕೆ ಕಮಲಕ್ಕ ಮನೆಯಲ್ಲಿ ಒಂದು ವಾರ ಪಾನಕ ಮಾಡಲಿಲ್ಲ.

ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದ್ದ ಸೀರಮ್ಮಿಗೆ ಎರಡು ವಾರದ ಮೇಲೆ ಉತ್ತರ ಬಂತು. ಶತ್ರುವಿನ ಹೆಸರು ಕಿಡ್. ಇಂಗ್ಲಿಷಿನ ಕಿವಿಗೆ ಮಗು, ಕನ್ನಡದ ಕಿವಿಗೆ ಕಿಡಿ. ಬೂದಿ ಮುಚ್ಚಿಕೊಂಡು ವರ್ಷಗಟ್ಟಲೆ ಕೂರುವುದು ಅದರ ಸ್ವಭಾವವೆಂದೂ, ಆ ಗುರುತು ಮುಕ್ಕಾಲು ಪಾಲಿಗೂ ಹೆಚ್ಚು ಜನರ ರಕ್ತದಲ್ಲಿ ಇರುತ್ತದೆಂದೂ ಬರೆದಿದ್ದರು. ಆಕೆಯೊಳಗೆ ಅದು ಮತ್ತೆ ಬೂದಿ ಹೊದ್ದು ಮಲಗುತ್ತದೆ, ಮುಂದಿನ ಪರೀಕ್ಷೆಯಲ್ಲಿ ಮತ್ತೆ ಕಾಣದಿರಬಹುದು.

ಹೊಲಿಗೆ ತೋರಿಸಲು ಶಾಂತಕುಮಾರಿ ಮಗಳ ಜೊತೆ ಬಂದ ದಿನ ಹಾಲೇಶಪ್ಪ ಒಂದು ದಪ್ಪ ಕಾರ್ಡು ಸಿದ್ಧ ಮಾಡಿಟ್ಟಿದ್ದ. ಮುತ್ತಿನ ಅಕ್ಷರದಲ್ಲಿ, ಕನ್ನಡ ಇಂಗ್ಲಿಷ್ ಎರಡರಲ್ಲೂ: ಈಕೆಗೆ ರಕ್ತ ಕೊಡುವ ಮೊದಲು ಇದನ್ನು ಓದಿ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನಂಬಬೇಡಿ. ಅದರದೇ ಇನ್ನೊಂದು ಪ್ರತಿ ತನ್ನ ರಿಜಿಸ್ಟರಿಗೆ ಅಂಟಿಸಿದ್ದ.

"ಇದು ಯಾವತ್ತೂ ಕೈಗೆ ಸಿಗೋ ಜಾಗದಾಗೆ ಇರ್ಬೇಕು ತಾಯಿ. ಎಲ್ಲಿಡ್ತೀರಿ?"

ಶಾಂತಕುಮಾರಿ ಕಾರ್ಡು ತಿರುಗಿಸಿ ನೋಡಿದಳು. ಅದರಲ್ಲಿ '೧೯೭೮' ಇತ್ತು. "ಬೀರು ಕೀಲಿ ಅತ್ತೆಮ್ಮನ ಹತ್ರ. ಟ್ರಂಕು ವಾರಕ್ಕೊಮ್ಮೆ ಅವರೇ ತಗದು ಮಡಚಿ ಇಡ್ತಾರೆ." ಯೋಚಿಸಿದಳು. "ಹಿತ್ಲಾಗೆ ಒಂದು ತಗಡಿನ ಡಬ್ಬಿ ಐತೆ ಅಣ್ಣಾರೆ. ಹೊರಗಾದಾಗಿನ ಬಟ್ಟಿ ಇಡ್ತಿದ್ದದ್ದು. ಅದನ್ನ ಅವರು ಹತ್ತು ಮಾರು ದೂರದಿಂದ್ಲೇ ಸುತ್ತಿ ಹೋಗ್ತಾರೆ. ಇನ್ನ ನಂಗೂ ಅದು ಕೆಲಸಕ್ಕೆ ಬರಲ್ಲ. ಅದ್ರಾಗ ಇಡ್ತೀನಿ. ಇವಳಿಗೆ ಗೊತ್ತಿರ್ತೈತೆ."

ಮಗಳು ತಲೆಯಾಡಿಸಿದಳು. ಹಯಾತ್ ಸಾಬರ ಗಾಡಿಯಲ್ಲಿ ಬಂದು, ಮಾಬೂಬೀಯ ಸಕ್ಕರೆ ನೀರು ಕುಡಿದು ಉಳಿದ ಕೂಸು ಈಗ ಅಮ್ಮನಿಗಿಂತ ಎತ್ತರ.

ಹಾಲೇಶಪ್ಪ ಜೇಬಿಗೆ ಕೈ ಹಾಕಿ ಕರ್ಚೀಪು ತೆಗೆದ. ತಾಯಿಗೂ ಮಗಳಿಗೂ ಮುಜುಗರವಾಯಿತು, ಆ ಡಬ್ಬಿಯ ಮಾತಿಗೆ ಮನುಷ್ಯ ಮೂಗು ಮುಚ್ಚುತ್ತಾನೆಂದುಕೊಂಡರು. ಅವನು ಅದನ್ನು ಮೇಜಿನ ಮೇಲೆ ಹರವಿ, ಕಾರ್ಡನ್ನು ನಡುವೆ ಇಟ್ಟು, ನಾಲ್ಕೂ ಕಡೆಯಿಂದ ಮಡಚಿ ಕೊಟ್ಟ.

"ನೀಲಗಿರಿ ಎಣ್ಣಿ ಐತೆ. ಜಿರಳೆ ಹತ್ರ ಬರಲ್ಲ."

ಸಂಜೆ ಬಾತಿಯಲ್ಲಿ ಕಮಲಕ್ಕ ಒಗೆಯಲು ಕೂತವಳು ಒಳಗೆ ಕೂಗಿದಳು. "ಏನ್ರಿ, ನಾಕು ಒಯ್ದಿದ್ರಿ, ಮೂರೇ ಅದಾವೆ. ಮೂರ್ರಾಗ ಎರಡರ ಮಡಿಕೆ ಸೈತ ಬಿಚ್ಚಿಲ್ಲ. ಇನ್ನೊಂದು ಎಲ್ಲಿ?"

"ಹರಿಹರಕ್ಕೆ ಹೋತು," ಎಂದ ಹಾಲೇಶಪ್ಪ, ಕಾಲು ತೊಳೆಯುತ್ತಾ.